ಲಾಂಗ್‌ಸ್ಟೋನ್ ದೀಪಸ್ತಂಭದ ಮಗಳು: ಗ್ರೇಸ್ ಡಾರ್ಲಿಂಗ್

ಈ ಸಲದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಯ ಒಂದು ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದೆ. ಪ್ರಶಿಕ್ಷಣಾರ್ಥಿ ಆರಿಸಿಕೊಂಡಿದ್ದ ವಿಷಯ ಗ್ರೇಸ್ ಡಾರ್ಲಿಂಗಳ ಸಾಹಸ. ಕಥೆ ಹೇಳುವ ಶೈಲಿ ಚೆನ್ನಾಗಿತ್ತು, ಧ್ವನಿಯಲ್ಲಿ ಏರಿಳಿತವಿತ್ತು, ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಬಿರುಗಾಳಿಯ ರಾತ್ರಿ ಒಬ್ಬ ಹುಡುಗಿ ಮುಳುಗುವವರ ಕೂಗು ಕೇಳಿ ಎದ್ದಳು, ಒಬ್ಬಳೇ ದೋಣಿ ನಡೆಸಿಕೊಂಡು ಹೋಗಿ ಒಂಬತ್ತು ಜನರನ್ನು ಕರೆತಂದಳು ಎಂಬಲ್ಲಿಗೆ ಪಾಠ ಮುಗಿಯಿತು. ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಒಬ್ಬಳೇ ನಡೆಸುವಷ್ಟು ಸಣ್ಣ ದೋಣಿಯಲ್ಲಿ ಹತ್ತು ಜನ ಹೇಗೆ ಕುಳಿತರು ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, ಅದು ಪಾಠದಲ್ಲಿ ಇಲ್ಲ ಎಂದು ಹೇಳಿ ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದರು.

ಸಂಜೆಯ ವಿಮರ್ಶೆಯಲ್ಲಿ ನಾವು ಹೆಚ್ಚು ಹೊತ್ತು ಮಾತನಾಡಿದ್ದು ಆ ಪ್ರಶ್ನೆಯ ಬಗ್ಗೆಯೇ. ಹುಡುಗಿ ಲೆಕ್ಕ ಹಾಕಿದ್ದಳು. ನಮ್ಮ ಕಥೆ ಅವಳ ಲೆಕ್ಕಕ್ಕೆ ನಿಲ್ಲಲಿಲ್ಲ. ನಿಜವಾಗಿ ನಡೆದದ್ದು ಆ ಲೆಕ್ಕಕ್ಕೆ ನಿಲ್ಲುತ್ತದೆ. ಗ್ರೇಸಳ ಜೀವನವನ್ನು ತರಗತಿಗೆ ಒಯ್ಯುವ ಮುಂದಿನವರಿಗೆ ಒದಗಲಿ ಎಂದು ಅದನ್ನು ಇಲ್ಲಿ ಮೊದಲಿನಿಂದ ಬರೆಯುತ್ತಿದ್ದೇನೆ.

ದ್ವೀಪ ಮತ್ತು ದೀಪ

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರ, ನಾರ್ತಂಬರ್ಲೆಂಡ್ ಎಂಬ ಪ್ರಾಂತ್ಯವಿದೆ. ಅದರ ಕಡಲ ತೀರದಲ್ಲಿ ಬ್ಯಾಂಬರೊ ಎಂಬ ಹಳ್ಳಿ, ಹಳ್ಳಿಯ ಪಕ್ಕದ ಬಂಡೆಯ ಮೇಲೆ ಒಂದು ದೊಡ್ಡ ಕೋಟೆ. ಕೋಟೆಯಿಂದ ಸಮುದ್ರದ ಕಡೆ ನೋಡಿದರೆ ಫಾರ್ನ್ ದ್ವೀಪಗಳು ಕಾಣುತ್ತವೆ. ಅವುಗಳ ಸಂಖ್ಯೆ ಎಷ್ಟೆಂದು ಒಂದೇ ಮಾತಿನಲ್ಲಿ ಹೇಳಲಾಗದು. ಉಬ್ಬರದ ಹೊತ್ತಿಗೆ ಸುಮಾರು 15 ಇದ್ದರೆ ಇಳಿತದ ಹೊತ್ತಿಗೆ 20 ದಾಟುತ್ತವೆ. ಅಪಾಯವಿರುವುದೇ ಅಲ್ಲಿ. ಕಣ್ಣಿಗೆ ಕಾಣುವ ಬಂಡೆಯನ್ನು ಹಡಗು ತಪ್ಪಿಸಿಕೊಂಡು ಹೋಗಬಹುದು. ನೀರಿನ ಒಂದೆರಡು ಅಡಿ ಕೆಳಗೆ ಅಡಗಿರುವ ಬಂಡೆಯನ್ನು ತಪ್ಪಿಸುವುದು ಹೇಗೆ? ಲಂಡನ್, ಹಲ್, ನ್ಯೂಕಾಸಲ್‌ಗಳಿಂದ ಸ್ಕಾಟ್ಲೆಂಡಿಗೆ ಹೋಗಿಬರುವ ಹಡಗುಗಳ ದಾರಿ ಈ ಬಂಡೆಗಳ ಪಕ್ಕದಲ್ಲೇ ಹಾಯುತ್ತಿತ್ತು.

ಈ ತೀರದಲ್ಲಿ ಜೀವ ಉಳಿಸುವ ಕೆಲಸಕ್ಕೆ ಗ್ರೇಸ್ ಹುಟ್ಟುವ ಮೊದಲೇ ಒಂದು ಪರಂಪರೆಯಿತ್ತು. ಡರ್ಹಮ್‌ನ ಬಿಷಪ್ ಆಗಿದ್ದ ಲಾರ್ಡ್ ಕ್ರೂ ಬಿಟ್ಟುಹೋದ ಆಸ್ತಿಯಿಂದ ನಡೆಯುತ್ತಿದ್ದ ಧರ್ಮದತ್ತಿಯನ್ನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಡಾ. ಜಾನ್ ಶಾರ್ಪ್ ಎಂಬ ಪಾದ್ರಿ ನೋಡಿಕೊಳ್ಳುತ್ತಿದ್ದರು. ಅವರು ಬ್ಯಾಂಬರೊ ಕೋಟೆಯನ್ನೇ ನೆರವಿನ ಕೇಂದ್ರವಾಗಿ ಮಾಡಿದರು. ಬಿರುಗಾಳಿಯ ರಾತ್ರಿಗಳಲ್ಲಿ ಕುದುರೆ ಸವಾರರು ತೀರದುದ್ದಕ್ಕೂ ಗಸ್ತು ತಿರುಗುತ್ತಿದ್ದರು. ಮಂಜು ಕವಿದಾಗ ಗಂಟೆ ಬಾರಿಸಲಾಗುತ್ತಿತ್ತು, ಹಡಗು ಒಡೆದ ಸುದ್ದಿ ಬಂದರೆ ತುಪಾಕಿ ಹಾರಿಸಲಾಗುತ್ತಿತ್ತು. ದಡ ಸೇರಿದವರಿಗೆ ಕೋಟೆಯಲ್ಲಿ ಹಾಸಿಗೆ, ಊಟ ಸಿಗುತ್ತಿತ್ತು. ಸತ್ತು ಬಂದವರಿಗೆ ಶವಪೆಟ್ಟಿಗೆಯ ಖರ್ಚೂ ಅಲ್ಲಿಂದಲೇ. ಲಯನಲ್ ಲೂಕಿನ್ ಎಂಬವರು ಮುಳುಗದ ಹಾಗೆ ಮಾರ್ಪಡಿಸಿದ ಒಂದು ಮೀನುಗಾರಿಕೆಯ ದೋಣಿ 1786ರಲ್ಲಿ ಇಲ್ಲಿ ಕೆಲಸಕ್ಕೆ ಬಂತು. ಜೀವರಕ್ಷಕ ದೋಣಿಗಳ ಚರಿತ್ರೆ ಬರೆಯುವವರು ಬ್ಯಾಂಬರೊದಿಂದಲೇ ಆರಂಭಿಸುವುದು ಈ ಕಾರಣದಿಂದ.

ಗ್ರೇಸಳ ತಾತ ರಾಬರ್ಟ್ ಡಾರ್ಲಿಂಗ್ ಫಾರ್ನ್ ದ್ವೀಪಗಳಲ್ಲಿ ಒಂದಾದ ಬ್ರೌನ್ಸ್‌ಮನ್‌ನಲ್ಲಿ ದೀಪ ಕಾಯುತ್ತಿದ್ದವರು. ದೀಪ ಎಂದರೆ ಮೊದಲಿಗೆ ಗೋಪುರದ ತಲೆಯ ಮೇಲೆ ಉರಿಯುವ ಕಲ್ಲಿದ್ದಲಿನ ಬೆಂಕಿ. ರಾತ್ರಿಯಿಡೀ ಕಲ್ಲಿದ್ದಲನ್ನು ಮೇಲಕ್ಕೆ ಹೊತ್ತು ಹಾಕಬೇಕು. ಮಳೆ ಗಾಳಿಯಲ್ಲಿ ಬೆಂಕಿ ಕುಗ್ಗಿದರೆ ಅಂದಿನ ಹಡಗುಗಳ ಗತಿ ದೇವರಿಗೇ ಗೊತ್ತು. ರಾಬರ್ಟರ ನಂತರ 1815ರಲ್ಲಿ ಆ ಕೆಲಸ ಮಗ ವಿಲಿಯಂ ಅವರಿಗೆ ಬಂತು. ಅದೇ ವರ್ಷ ನವೆಂಬರ್ 24ರಂದು ಬ್ಯಾಂಬರೊದಲ್ಲಿ, ತಾತನ ಮನೆಯಲ್ಲಿ, ಗ್ರೇಸ್ ಹಾರ್ಸ್ಲಿ ಡಾರ್ಲಿಂಗ್ ಹುಟ್ಟಿದಳು. ವಿಲಿಯಂ ಮತ್ತು ಥಾಮಸಿನ್ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಅವಳು ಏಳನೆಯವಳು. ಕೆಲವೇ ವಾರಗಳ ಕೂಸನ್ನು ದೋಣಿಯಲ್ಲಿ ಬ್ರೌನ್ಸ್‌ಮನ್‌ಗೆ ಕರೆದೊಯ್ದರು.

ಬ್ರೌನ್ಸ್‌ಮನ್‌ನಲ್ಲಿ ಸ್ವಲ್ಪ ಮಣ್ಣಿತ್ತು, ತರಕಾರಿ ಬೆಳೆಯಬಹುದಿತ್ತು, ಆಡು ಸಾಕಬಹುದಿತ್ತು. ಆದರೆ ಅಲ್ಲಿಯ ದೀಪ ಹೊರಗಿನ ಸಾಲಿನ ಬಂಡೆಗಳಿಂದ ದೂರವಿದ್ದುದರಿಂದ ಹಡಗುಗಳು ಒಡೆಯುವುದು ನಿಲ್ಲಲಿಲ್ಲ. ಹಾಗಾಗಿ ದೀಪಸ್ತಂಭಗಳ ಆಡಳಿತ ನೋಡುವ ಟ್ರಿನಿಟಿ ಹೌಸ್ ಸಂಸ್ಥೆ ಸಮುದ್ರದ ಕಡೆಗೆ ಇನ್ನೂ ಮುಂದಿದ್ದ ಲಾಂಗ್‌ಸ್ಟೋನ್ ಬಂಡೆಯ ಮೇಲೆ ಹೊಸ ಗೋಪುರ ಕಟ್ಟಿಸಿತು. 1826ರ ಫೆಬ್ರವರಿಯಲ್ಲಿ ಅದರ ದೀಪ ಹೊತ್ತಿತು, ಡಾರ್ಲಿಂಗ್ ಕುಟುಂಬ ಅಲ್ಲಿಗೆ ಹೋಯಿತು. ಗ್ರೇಸಳಿಗೆ ಆಗ ಹತ್ತು ವರ್ಷ.

ಲಾಂಗ್‌ಸ್ಟೋನ್ ಬರಿಯ ಕಪ್ಪು ಬಂಡೆ. ಒಂದು ಹಿಡಿ ಸೊಪ್ಪೂ ಬೆಳೆಯದು. ತರಕಾರಿ ಬೇಕಾದರೆ ಹವೆ ನೋಡಿಕೊಂಡು ಹಳೆಯ ಬ್ರೌನ್ಸ್‌ಮನ್ ತೋಟಕ್ಕೆ ಹುಟ್ಟು ಹಾಕಿಕೊಂಡು ಹೋಗಬೇಕು. ಅಲೆ ಎದ್ದ ದಿನಗಳಲ್ಲಿ ನೆಲಮಹಡಿಯ ಕಿಟಕಿಗಳಿಗೇ ನೀರು ಬಡಿಯುತ್ತಿತ್ತು. ಮನೆಯವರೆಲ್ಲ ಗೋಪುರದ ಮೇಲಿನ ಕೋಣೆಗಳಲ್ಲಿ ಇರಬೇಕಾಗುತ್ತಿತ್ತು.

ಮನೆಯೇ ಶಾಲೆ

ಗ್ರೇಸಳಿಗೆ ಪಾಠ ಹೇಳಿದವರು ಅಪ್ಪ. ವಿಲಿಯಂ ಡಾರ್ಲಿಂಗ್ ಶಿಸ್ತಿನ ಮನುಷ್ಯ, ದೈವಭಕ್ತ. ಮನೆಯಲ್ಲಿ ಇಸ್ಪೀಟಿಗೆ ಜಾಗವಿರಲಿಲ್ಲ, ಕಾದಂಬರಿಗಳಿಗೂ ಇರಲಿಲ್ಲ. ಬೈಬಲ್, ಚರಿತ್ರೆ, ಭೂಗೋಳದ ಪುಸ್ತಕಗಳಿದ್ದವು. ಓದು, ಬರಹ, ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ರೀತಿಯಲ್ಲಿ ಕಲಿಸಿದರು; ಹೆಣ್ಣುಮಕ್ಕಳು ಎಂದು ಬಿಡಲಿಲ್ಲ. ಗ್ರೇಸಳ ಅಕ್ಷರ ದುಂಡಾಗಿ, ಸ್ಪಷ್ಟವಾಗಿ ಇತ್ತು. ಮುಂದೆ ಅವಳಿಗೆ ಬಂದ ರಾಶಿ ಪತ್ರಗಳಿಗೆ ಉತ್ತರ ಬರೆಯಲು ಈ ಕಲಿಕೆಯೇ ಆಧಾರವಾಯಿತು.

ಪುಸ್ತಕಕ್ಕಿಂತ ದೊಡ್ಡ ಪಾಠಶಾಲೆ ಸುತ್ತಲೂ ಇತ್ತು. ಫಾರ್ನ್ ದ್ವೀಪಗಳು ಕಡಲಹಕ್ಕಿಗಳ ಬೀಡು. ಏಳನೆಯ ಶತಮಾನದಲ್ಲಿ ಇಲ್ಲಿ ಏಕಾಂತವಾಗಿ ಬದುಕಿದ ಸಂತ ಕತ್‌ಬರ್ಟ್ ಐಡರ್ ಬಾತುಗಳಿಗೆ ರಕ್ಷಣೆ ಕೊಟ್ಟರೆಂಬ ನಂಬಿಕೆ ಆ ತೀರದ ಜನರಲ್ಲಿದೆ. ಹಕ್ಕಿಗಳನ್ನೂ ಸೀಲ್‌ಗಳನ್ನೂ ಗಮನಿಸುವುದು ವಿಲಿಯಂ ಅವರ ಹವ್ಯಾಸ. ಕಂಡದ್ದನ್ನು ದಿನಚರಿಯಲ್ಲಿ ಬರೆದಿಡುವುದು ಅವರ ಅಭ್ಯಾಸ. ಮಕ್ಕಳೂ ಅದನ್ನು ನೋಡಿ ಕಲಿತರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ಬಂಡೆಯ ಮರೆಯಲ್ಲಿ ನೀರು ಶಾಂತವಾಗಿರುತ್ತದೆ, ಇಳಿತ ಎಷ್ಟು ಹೊತ್ತಿಗೆ ಆರಂಭವಾಗುತ್ತದೆ ಎನ್ನುವುದನ್ನು ಗ್ರೇಸ್ ಯಾರೂ ಪ್ರತ್ಯೇಕವಾಗಿ ಹೇಳಿಕೊಡದೆಯೇ ತಿಳಿದುಕೊಂಡಳು.

ಮೂರನೆಯ ಪಾಠ ದೀಪದ್ದು. ಲಾಂಗ್‌ಸ್ಟೋನ್‌ನಲ್ಲಿ ಎಣ್ಣೆಯ ದೀಪಗಳಿದ್ದವು. ಅವುಗಳ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಬಟ್ಟಲಿನಾಕಾರದ ಲೋಹದ ಕನ್ನಡಿಗಳಿದ್ದವು. ಇಡೀ ಚೌಕಟ್ಟು ಗಡಿಯಾರದಂಥ ಯಂತ್ರದಿಂದ ತಿರುಗುತ್ತಿತ್ತು. ದೂರದ ಹಡಗಿಗೆ ದೀಪ ಮಿನುಗಿ ಮರೆಯಾಗಿ ಮತ್ತೆ ಮಿನುಗಿದಂತೆ ಕಾಣುತ್ತಿತ್ತು. ಬತ್ತಿ ಕತ್ತರಿಸಬೇಕು, ಎಣ್ಣೆ ತುಂಬಬೇಕು, ಮಸಿ ಹಿಡಿದ ಗಾಜು ಒರೆಸಬೇಕು, ಕನ್ನಡಿ ಉಜ್ಜಬೇಕು, ಯಂತ್ರಕ್ಕೆ ಕೀಲಿ ಕೊಡಬೇಕು. ಹೊತ್ತು ಮುಳುಗಿದಾಗಿನಿಂದ ಹೊತ್ತು ಮೂಡುವವರೆಗೆ ಯಾರಾದರೂ ಎಚ್ಚರವಿರಬೇಕು. ಒಂದು ರಾತ್ರಿಯೂ ರಜೆಯಿಲ್ಲ. ಅಕ್ಕ ಅಣ್ಣಂದಿರು ಒಬ್ಬೊಬ್ಬರಾಗಿ ಕೆಲಸಕ್ಕೆ, ಮದುವೆಯಾಗಿ ದಡಕ್ಕೆ ಹೋದ ಮೇಲೆ ಅಪ್ಪನ ಜೊತೆ ಈ ಕೆಲಸಕ್ಕೆ ನಿಂತವರು ಗ್ರೇಸ್ ಮತ್ತು ಅವಳ ಕಿರಿಯ ತಮ್ಮ ವಿಲಿಯಂ ಬ್ರೂಕ್ಸ್. ಸಂಬಳ ಅಪ್ಪನಿಗೆ ಮಾತ್ರ, ಕೆಲಸ ಮನೆಯವರೆಲ್ಲರದು.

ಫಾರ್ಫರ್‌ಶೈರ್

1838ರ ಸೆಪ್ಟೆಂಬರ್ 5ರ ಸಂಜೆ ಹಲ್ ಬಂದರಿನಿಂದ ಫಾರ್ಫರ್‌ಶೈರ್ ಎಂಬ ಹಡಗು ಸ್ಕಾಟ್ಲೆಂಡಿನ ಡಂಡೀಗೆ ಹೊರಟಿತು. ಪಕ್ಕಗಳಲ್ಲಿ ದೊಡ್ಡ ಗಾಲಿಗಳಿದ್ದ ಉಗಿಹಡಗು ಅದು, ಹಾಯಿಗಳೂ ಇದ್ದವು. ಡಂಡೀಯಲ್ಲೇ ಕಟ್ಟಿದ್ದು, ನಾಲ್ಕು ವರ್ಷ ಹಳೆಯದಷ್ಟೇ. ಪ್ರಯಾಣಿಕರು, ನಾವಿಕರು ಸೇರಿ ಸುಮಾರು 60 ಜನ ಇದ್ದರು. ಕಪ್ತಾನ ಜಾನ್ ಹಂಬಲ್ ತಮ್ಮ ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದರು.

ಹೊರಟ ಕೆಲವು ಗಂಟೆಗಳಲ್ಲೇ ಬಾಯ್ಲರ್ ಸೋರತೊಡಗಿತು. ಕುದಿನೀರು ಕೆಳಗಿನ ಕೋಣೆಗೆ ಚೆಲ್ಲಿ ಬೆಂಕಿ ನಂದುತ್ತಿತ್ತು. ಯಾವುದಾದರೂ ಬಂದರಿಗೆ ತಿರುಗಿಸುವ ಬದಲು ರಿಪೇರಿ ಮಾಡುತ್ತಲೇ ಮುಂದೆ ಸಾಗಿದರು. 6ರ ಸಂಜೆಗೆ ಉತ್ತರದ ಕಡೆಯಿಂದ ಬಿರುಗಾಳಿ ಎದ್ದಿತು. ರಾತ್ರಿ ಸುಮಾರು ಹತ್ತು ಗಂಟೆಗೆ, ಸ್ಕಾಟ್ಲೆಂಡಿನ ಸೇಂಟ್ ಆಬ್ಸ್ ಹೆಡ್ ಎಂಬ ಚಾಚುಗಡ್ಡೆಯ ಹತ್ತಿರ ಎಂಜಿನ್ ಪೂರ್ತಿ ನಿಂತುಹೋಯಿತು. ಹಾಯಿ ಬಿಚ್ಚಿದರೂ ಹಡಗು ಹಿಡಿತಕ್ಕೆ ಸಿಗಲಿಲ್ಲ. ಗಾಳಿ ಅದನ್ನು ದಕ್ಷಿಣಕ್ಕೆ, ಬಂದ ದಾರಿಯಲ್ಲೇ, ತಳ್ಳಿಕೊಂಡು ಹೋಯಿತು.

ಫಾರ್ನ್ ದ್ವೀಪಗಳಿಗೂ ದಡಕ್ಕೂ ನಡುವೆ ಒಂದು ಸುರಕ್ಷಿತ ಜಲಮಾರ್ಗವಿದೆ. ಕಪ್ತಾನ ಅಲ್ಲಿ ಆಸರೆ ಪಡೆಯಲು ಯೋಚಿಸಿದ್ದರು. ಕತ್ತಲೆ ಮಳೆಯಲ್ಲಿ ಒಂದು ದೀಪ ಕಂಡಿತು. ಅದು ದಡದ ಹತ್ತಿರವಿರುವ ಇನ್ನರ್ ಫಾರ್ನ್ ದ್ವೀಪದ್ದು ಎಂದು ಭಾವಿಸಿ ಹಡಗನ್ನು ನಡೆಸಿದರು. ಅದು ಲಾಂಗ್‌ಸ್ಟೋನ್ ದೀಪವಾಗಿತ್ತು. 7ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಮುಂಚೆ, ಹಡಗು ಬಿಗ್ ಹಾರ್ಕರ್ ಎಂಬ ಬಂಡೆಗೆ ಅಪ್ಪಳಿಸಿತು. ಹದಿನೈದು ನಿಮಿಷದೊಳಗೆ ಎರಡು ಹೋಳಾಯಿತು. ಹಿಂಭಾಗ, ಅಲ್ಲಿ ಮಲಗಿದ್ದ ಪ್ರಯಾಣಿಕರ ಸಮೇತ, ಕೊಚ್ಚಿಹೋಯಿತು. ಕಪ್ತಾನರೂ ಅವರ ಹೆಂಡತಿಯೂ ಉಳಿಯಲಿಲ್ಲ. ಒಂಬತ್ತು ಜನ ಹಡಗಿನ ಒಂದು ಸಣ್ಣ ದೋಣಿಗೆ ಹಾರಿ ಪಾರಾದರು. ಮರುದಿನದೊಳಗೆ ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತು. ಮುಂಭಾಗ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಹನ್ನೆರಡರಷ್ಟು ಜನ ಬಂಡೆಯ ಮೇಲೆ ಹತ್ತಿ ಅಲೆಗಳ ಹೊಡೆತದಲ್ಲಿ ಬೆಳಗಿಗಾಗಿ ಕಾದರು.

ಆ ರಾತ್ರಿ ಲಾಂಗ್‌ಸ್ಟೋನ್ ದೀಪ ಸರಿಯಾಗಿಯೇ ಉರಿಯುತ್ತಿತ್ತು. ಡಾರ್ಲಿಂಗ್ ಕುಟುಂಬ ತನ್ನ ಕರ್ತವ್ಯ ಮಾಡಿತ್ತು. ಆದರೂ ಹಡಗು ಒಡೆಯಿತು. ದೀಪ ಉರಿದರೆ ಸಾಲದು, ನೋಡುವವರಿಗೆ ಅದರ ಗುರುತು ಸಿಗಬೇಕು. ಬೇರೆ ಬೇರೆ ದೀಪಸ್ತಂಭಗಳ ಬೆಳಕಿಗೆ ಬೇರೆ ಬೇರೆ ಲಯ, ಬಣ್ಣ ಏಕೆ ಇರುತ್ತದೆ ಎಂದು ವಿಜ್ಞಾನದ ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಆ ಬೆಳಗಿನ ಲೆಕ್ಕ

ಆ ರಾತ್ರಿ ಗೋಪುರದಲ್ಲಿದ್ದವರು ಮೂವರು: ವಿಲಿಯಂ, ಥಾಮಸಿನ್, ಗ್ರೇಸ್. ತಮ್ಮ ವಿಲಿಯಂ ಬ್ರೂಕ್ಸ್ ಮೀನುಗಾರಿಕೆಗೆಂದು ದಡದ ಸೀಹೌಸಸ್‌ಗೆ ಹೋಗಿದ್ದ. ಉಬ್ಬರ ಜೋರಾಗಿದ್ದುದರಿಂದ ಅಪ್ಪ ಮಗಳು ರಾತ್ರಿಯೇ ಎದ್ದು ದೋಣಿಯನ್ನೂ ಹೊರಗಿನ ಸಾಮಾನುಗಳನ್ನೂ ಬಿಗಿದು ಕಟ್ಟಿದ್ದರು. ಸುಮಾರು 4.45ಕ್ಕೆ ಗ್ರೇಸ್ ತನ್ನ ಕೋಣೆಯ ಕಿಟಕಿಯಿಂದ ಹಾರ್ಕರ್ ಬಂಡೆಯ ಮೇಲೆ ಏನೋ ಕಪ್ಪಾಗಿ ಕಂಡದ್ದನ್ನು ಗಮನಿಸಿ ಅಪ್ಪನನ್ನು ಕರೆದಳು. ಇಬ್ಬರೂ ದೂರದರ್ಶಕ ಹಿಡಿದು ನೋಡಿದರು. ಒಡೆದ ಹಡಗು ಕಂಡಿತು, ಜನ ಕಾಣಲಿಲ್ಲ. ಜನರಿಲ್ಲದ ಬಂಡೆಗೆ ಜೀವ ಪಣವಿಟ್ಟು ಹೋಗುವುದರಲ್ಲಿ ಅರ್ಥವಿಲ್ಲ. ಅವರು ಕಾದರು, ನೋಡುತ್ತಲೇ ಇದ್ದರು.

ಇಲ್ಲಿ ನಿಲ್ಲಬೇಕು. ನಾವು ಹೇಳುವ ಕಥೆಯಲ್ಲಿ ಗ್ರೇಸ್ ಕೂಗು ಕೇಳಿ ಎದ್ದು ಓಡುತ್ತಾಳೆ. ಗಾಳಿ ಉತ್ತರದಿಂದ ಬೀಸುತ್ತಿತ್ತು. ಬಂಡೆ ಸುಮಾರು ಒಂದು ಕಿಲೋಮೀಟರ್ ದೂರ, ಗಾಳಿ ಹೋಗುವ ದಿಕ್ಕಿನಲ್ಲಿತ್ತು. ಅಲ್ಲಿಯ ಕೂಗು ಆ ಗಾಳಿಗೆ ಎದುರಾಗಿ ಬಂದು ಗೋಪುರವನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ಅವಳು ಕೇಳಲಿಲ್ಲ, ನೋಡಿದಳು. ಒಮ್ಮೆ ನೋಡಿ ಬಿಡಲಿಲ್ಲ, ಎರಡು ಗಂಟೆಗೂ ಹೆಚ್ಚು ಕಾಲ ನೋಡಿದಳು. ಸುಮಾರು ಏಳು ಗಂಟೆಗೆ ಬೆಳಕು ಹರಿದು, ನೀರು ಇಳಿದಾಗ ಬಂಡೆಯ ಮೇಲೆ ಮೂರು ನಾಲ್ಕು ಜನ ಅಲುಗಾಡುವುದು ಕಂಡಿತು.

ಈಗ ತೀರ್ಮಾನ ಮಾಡಬೇಕಿತ್ತು. ಇಂಥ ಸಮುದ್ರದಲ್ಲಿ ಸೀಹೌಸಸ್‌ನಿಂದ ದೋಣಿ ಬರುತ್ತದೆಂದು ನಂಬುವಂತಿರಲಿಲ್ಲ. ಅವರ ಬಳಿ ಇದ್ದದ್ದು 21 ಅಡಿ ಉದ್ದದ, ಆ ತೀರದ ಮೀನುಗಾರರು ಬಳಸುವ ಕೋಬಲ್ ಎಂಬ ಚಪ್ಪಟೆ ತಳದ ದೋಣಿ. ಒರಟು ನೀರಿನಲ್ಲಿ ಅದನ್ನು ನಡೆಸಲು ಸಾಮಾನ್ಯವಾಗಿ ಮೂವರು ಗಂಡಸರು ಬೇಕು. ನೇರ ದಾರಿಯಲ್ಲಿ ಹೋದರೆ ಅಲೆ ದೋಣಿಯನ್ನು ಬಂಡೆಗೆ ಎತ್ತಿ ಬಡಿಯುತ್ತದೆ. ದ್ವೀಪಗಳ ಮರೆ ಹಿಡಿದು ಸುತ್ತಿ ಹೋದರೆ ಸುಮಾರು ಒಂದು ಮೈಲಿ; ದೂರ ಹೆಚ್ಚು, ಅಪಾಯ ಸ್ವಲ್ಪ ಕಡಿಮೆ. ಇನ್ನೊಂದು ವಿಷಯ: ಹೋಗುವುದು ಇಬ್ಬರಿಂದ ಸಾಧ್ಯವಾದರೂ ತುಂಬಿದ ದೋಣಿಯನ್ನು ಗಾಳಿಗೆ ಎದುರಾಗಿ ಹಿಂದೆ ತರಲು ಇಬ್ಬರು ಸಾಲರು. ಬಂಡೆಯ ಮೇಲೆ ಹುಟ್ಟು ಹಿಡಿಯುವಷ್ಟು ಕಸುವಿರುವವರು ಸಿಗದೆ ಹೋದರೆ ಅಪ್ಪ ಮಗಳೂ ಅಲ್ಲೇ ಉಳಿಯಬೇಕು. ಇದನ್ನೆಲ್ಲ ತಿಳಿದುಕೊಂಡೇ ಅವರು ಹೊರಟರು. ದೋಣಿಯನ್ನು ನೀರಿಗಿಳಿಸಲು ಥಾಮಸಿನ್ ಕೈ ಜೋಡಿಸಿದರು. ಗಂಡನೂ ಮಗಳೂ ಒಂದೇ ದೋಣಿಯಲ್ಲಿ ಹೋಗುವುದನ್ನು ನೋಡುತ್ತ ಬಂಡೆಯ ಮೇಲೆ ಒಬ್ಬರೇ ನಿಂತ ಆ ತಾಯಿಯನ್ನು ನಮ್ಮ ಪಾಠಗಳು ಮರೆತೇಬಿಟ್ಟಿವೆ.

ಎರಡು ಸುತ್ತು

ಹಾರ್ಕರ್ ತಲುಪಿದ ಮೇಲೆ ಅಪ್ಪ ಬಂಡೆಗೆ ಹಾರಿದರು. ದೋಣಿಯಲ್ಲಿ ಉಳಿದವಳು ಗ್ರೇಸ್ ಒಬ್ಬಳೇ. ದೋಣಿ ಬಂಡೆಗೆ ತಾಗಿದರೆ ಒಡೆಯುತ್ತದೆ, ದೂರ ಸರಿದರೆ ಅಪ್ಪ ಸಿಕ್ಕಿಬೀಳುತ್ತಾರೆ. ಎರಡೂ ಕೈಯಲ್ಲಿ ಹುಟ್ಟು ಹಿಡಿದು, ಅಲೆ ನೋಡಿಕೊಂಡು, ಮುಂದಕ್ಕೂ ಹಿಂದಕ್ಕೂ ನಡೆಸುತ್ತ ದೋಣಿಯನ್ನು ಒಂದೇ ಜಾಗದಲ್ಲಿ ಕಾಯ್ದುಕೊಂಡಳು. ಗ್ರೇಸಳ ನಿಜವಾದ ಸಾಹಸ ಯಾವುದು ಎಂದು ಕೇಳಿದರೆ ನಾನು ಈ ಕೆಲವು ನಿಮಿಷಗಳನ್ನು ತೋರಿಸುತ್ತೇನೆ.

ಬಂಡೆಯ ಮೇಲೆ ಒಂಬತ್ತು ಜನ ಜೀವಂತವಾಗಿದ್ದರು. ಅವರಲ್ಲಿ ಒಬ್ಬಳೇ ಹೆಂಗಸು, ಸಾರಾ ಡಾಸನ್. ಅವಳ ಇಬ್ಬರು ಮಕ್ಕಳು ರಾತ್ರಿಯ ಚಳಿಯಲ್ಲಿ ಅವಳ ತೋಳಲ್ಲೇ ಸತ್ತಿದ್ದರು. ಅವಳು ಅವರನ್ನು ಬಿಟ್ಟಿರಲಿಲ್ಲ. ಜಾನ್ ರಾಬ್ ಎಂಬ ಪಾದ್ರಿಯೂ ಬೆಳಗಾಗುವುದರೊಳಗೆ ತೀರಿಕೊಂಡಿದ್ದರು. ದೋಣಿಯಲ್ಲಿ ಎಲ್ಲರಿಗೂ ಜಾಗವಿಲ್ಲ ಎಂಬುದು ಸ್ಪಷ್ಟವಾಗಿತ್ತು. ವಿಲಿಯಂ ಮೊದಲ ಸುತ್ತಿಗೆ ಸಾರಾ ಡಾಸನ್ನರನ್ನೂ ಗಾಯಗೊಂಡಿದ್ದ ಒಬ್ಬನನ್ನೂ ಇನ್ನು ಮೂವರನ್ನೂ ಆರಿಸಿದರು. ಸತ್ತ ಮಕ್ಕಳನ್ನು ಬಂಡೆಯ ಮೇಲೆ ಬಿಟ್ಟುಬರಬೇಕಾಯಿತು. ನಾವಿಕರು ಹುಟ್ಟು ಹಾಕಲು ನೆರವಾದರು. ಗೋಪುರ ತಲುಪಿದ ಮೇಲೆ ಗ್ರೇಸ್ ತಾಯಿಯ ಜೊತೆ ಬದುಕಿ ಬಂದವರ ಆರೈಕೆಗೆ ನಿಂತಳು. ವಿಲಿಯಂ ಇಬ್ಬರು ನಾವಿಕರನ್ನು ಕರೆದುಕೊಂಡು ಮತ್ತೆ ಹೋಗಿ ಉಳಿದ ನಾಲ್ವರನ್ನು ಕರೆತಂದರು. ಒಂಬತ್ತು ಗಂಟೆಯ ಹೊತ್ತಿಗೆ ಎಲ್ಲರೂ ಒಳಗಿದ್ದರು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲ ಸಲ ಹಿಂದೆ ಬರುವಾಗ ದೋಣಿಯಲ್ಲಿದ್ದವರು ಅಪ್ಪ, ಮಗಳು, ಐವರು, ಒಟ್ಟು ಏಳು. ಎರಡನೆಯ ಸಲ ವಿಲಿಯಂ, ಇಬ್ಬರು ನಾವಿಕರು, ನಾಲ್ವರು, ಮತ್ತೆ ಏಳು. ಹತ್ತು ಜನ ಒಮ್ಮೆಯೂ ಕುಳಿತಿರಲಿಲ್ಲ.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಹಡಗು ಒಡೆದ ಸುದ್ದಿ ತಿಳಿದು ಸೀಹೌಸಸ್‌ನಿಂದ ಏಳು ಜನ ಒಂದು ಕೋಬಲ್‌ನಲ್ಲಿ ಹೊರಟಿದ್ದರು. ಬಂಡೆಗಳ ನಡುವೆ ನುಗ್ಗಲು ಭಾರದ ಜೀವರಕ್ಷಕ ದೋಣಿಗಿಂತ ಅದೇ ಮೇಲೆಂದು ಅವರ ಅಂದಾಜು. ಅವರಲ್ಲಿ ಒಬ್ಬ ಗ್ರೇಸಳ ತಮ್ಮ. ಸುಮಾರು 8 ಕಿಲೋಮೀಟರ್ ದೂರವನ್ನು ಆ ಸಮುದ್ರದಲ್ಲಿ ದಾಟಿ ಹಾರ್ಕರ್ ತಲುಪಿದಾಗ ಅವರಿಗೆ ಸಿಕ್ಕಿದ್ದು ಹೆಣಗಳು ಮಾತ್ರ. ದಡಕ್ಕೆ ಮರಳಲಾಗದೆ ಅವರೂ ಲಾಂಗ್‌ಸ್ಟೋನ್‌ಗೇ ಬಂದರು. ಗಾಳಿ ಇಳಿಯುವವರೆಗೆ, ಎರಡು ಮೂರು ದಿನ, ಮೂವರಿದ್ದ ಮನೆಯಲ್ಲಿ ಸುಮಾರು ಇಪ್ಪತ್ತು ಜನ. ಇದ್ದ ಹಿಟ್ಟು, ಇದ್ದ ಕಂಬಳಿ ಹಂಚಿಕೊಂಡರು. ಏಳು ಜನರ ಆ ಪ್ರಯಾಣ ಅಪ್ಪ ಮಗಳ ಪ್ರಯಾಣಕ್ಕಿಂತ ಉದ್ದ, ಅಪಾಯದಲ್ಲಿ ಕಡಿಮೆಯೇನಲ್ಲ. ಆದರೆ ಯಾರನ್ನೂ ಉಳಿಸುವ ಅವಕಾಶ ಅವರಿಗೆ ಸಿಗಲಿಲ್ಲ, ಹಾಗಾಗಿ ಹೆಸರೂ ಸಿಗಲಿಲ್ಲ.

ವಿಲಿಯಂ ಡಾರ್ಲಿಂಗ್ ತಮ್ಮ ದಿನಚರಿಯಲ್ಲಿ ಈ ಘಟನೆಯನ್ನು ಕೆಲವೇ ಸಾಲುಗಳಲ್ಲಿ ಬರೆದರು. ಹಡಗಿನ ಹೆಸರು, ಭಾರ, ಒಡೆದ ಹೊತ್ತು. ಕೊನೆಗೆ ಒಂಬತ್ತು ಜನರನ್ನು ಡಾರ್ಲಿಂಗ್ ಮನೆಯವರು ಉಳಿಸಿದರು ಎಂಬರ್ಥದ ಒಂದು ಮಾತು. ಮಗಳ ಹೆಸರನ್ನು ಬೇರೆಯಾಗಿ ಎತ್ತಿಲ್ಲ, ತಮ್ಮದನ್ನೂ ಎತ್ತಿಲ್ಲ.

ಕೀರ್ತಿಯ ಭಾರ

ಪತ್ರಿಕೆಗಳು ಹಾಗೆ ಬರೆಯಲಿಲ್ಲ. 22 ವರ್ಷದ ಹುಡುಗಿ, ಬಿರುಗಾಳಿ, ದೀಪಸ್ತಂಭ: ಸುದ್ದಿ ಕೆಲವೇ ವಾರಗಳಲ್ಲಿ ಇಡೀ ಬ್ರಿಟನ್ನನ್ನು ಸುತ್ತಿತು. ಹಿಂದಿನ ವರ್ಷವಷ್ಟೇ ಪಟ್ಟಕ್ಕೆ ಬಂದಿದ್ದ, ಇನ್ನೂ ಇಪ್ಪತ್ತು ತುಂಬದ ರಾಣಿ ವಿಕ್ಟೋರಿಯಾ 50 ಪೌಂಡ್ ಕಳಿಸಿದಳು. ರಾಯಲ್ ಹ್ಯೂಮೇನ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಹಡಗು ಒಡೆದವರ ರಕ್ಷಣೆಗೆಂದು ಸರ್ ವಿಲಿಯಂ ಹಿಲರಿಯವರ ಪ್ರಯತ್ನದಿಂದ 1824ರಲ್ಲಿ ಹುಟ್ಟಿದ, ಇಂದು ಆರ್‌ಎನ್‌ಎಲ್‌ಐ ಎಂದು ಹೆಸರಾಗಿರುವ ಸಂಸ್ಥೆ ಅಪ್ಪ ಮಗಳಿಬ್ಬರಿಗೂ ಬೆಳ್ಳಿಯ ಪದಕ ನೀಡಿತು. ಸಾರ್ವಜನಿಕರ ಚಂದಾ 700 ಪೌಂಡ್ ದಾಟಿತು. ಆ ಹಣವನ್ನು ನೋಡಿಕೊಳ್ಳಲು ನಾರ್ತಂಬರ್ಲೆಂಡಿನ ಡ್ಯೂಕ್ ಮುಂದೆ ಬಂದು ಅವಳಿಗೆ ಪೋಷಕನಂತೆ ನಿಂತರು.

ಕೀರ್ತಿಯ ಇನ್ನೊಂದು ಮುಖವೂ ಇತ್ತು. ಹನ್ನೆರಡಕ್ಕೂ ಹೆಚ್ಚು ಚಿತ್ರಕಾರರು ದ್ವೀಪಕ್ಕೆ ಬಂದು ಅವಳನ್ನು ಕೂರಿಸಿ ಚಿತ್ರ ಬರೆದರು. ನೋಡುವವರನ್ನು ತುಂಬಿಕೊಂಡು ದೋಣಿಗಳು ಬಂದವು. ಕೂದಲಿನ ಎಳೆ ಕಳಿಸು, ಅಂದು ಉಟ್ಟ ಬಟ್ಟೆಯ ಚೂರು ಕಳಿಸು ಎಂದು ಪತ್ರಗಳು ಬಂದವು. ಮದುವೆಯ ಪ್ರಸ್ತಾಪಗಳೂ ಬಂದವು. ನಾಟಕ ಕಂಪನಿ, ಸರ್ಕಸ್ ಕಂಪನಿಗಳು ಅವಳನ್ನು ವೇದಿಕೆಯ ಮೇಲೆ ತೋರಿಸಲು ಹಣ ಒಡ್ಡಿದವು. ಅವಳು ಒಪ್ಪಲಿಲ್ಲ. 1839ರ ಹೊತ್ತಿಗೇ ಅವಳ ಹೆಸರಿನಲ್ಲಿ ಕಾದಂಬರಿಗಳು ಅಚ್ಚಾದವು. ಹೆದರಿದ ಅಪ್ಪನನ್ನು ಮಗಳು ಕಾಡಿ ಬೇಡಿ ಹೊರಡಿಸಿದಳು ಎಂಬಂಥ ಕಥೆಗಳು ಬೆಳೆದವು. ಇಪ್ಪತ್ತಮೂರು ವರ್ಷ ದೀಪ ಕಾಯ್ದ ಅಪ್ಪ ಹೇಡಿಯಾದ, ಅಮ್ಮ ಮಾಯವಾದಳು, ತಮ್ಮನ ದೋಣಿ ಕಾಣೆಯಾಯಿತು. ಒಬ್ಬಳನ್ನು ದೊಡ್ಡವಳನ್ನಾಗಿ ಮಾಡಲು ಸುತ್ತಲಿನವರನ್ನೆಲ್ಲ ಅಳಿಸಿಹಾಕಿದರು. ಇದನ್ನು ಗ್ರೇಸ್ ಬದುಕಿದ್ದಾಗಲೇ ನೋಡಬೇಕಾಯಿತು. ಅವಳು ಮಾತ್ರ ದ್ವೀಪ ಬಿಡಲಿಲ್ಲ. ಹಗಲು ಮನೆಗೆಲಸ, ರಾತ್ರಿ ದೀಪ, ನಡುವೆ ಪತ್ರಗಳಿಗೆ ಉತ್ತರ: ಹೀಗೆಯೇ ನಾಲ್ಕು ವರ್ಷ ಕಳೆದವು.

1842ರ ವಸಂತದಲ್ಲಿ ಅವಳು ಕೋಕೆಟ್ ದ್ವೀಪದ ದೀಪಸ್ತಂಭದಲ್ಲಿದ್ದ ಅಣ್ಣನ ಮನೆಗೆ ಹೋಗಿ ಬಂದಳು. ಆ ಪ್ರಯಾಣದ ನಂತರ ಶೀತ ಹಿಡಿಯಿತು, ಕೆಮ್ಮು ಬಿಡಲಿಲ್ಲ. ಕ್ಷಯವೆಂದು ತಿಳಿಯಿತು. ಗಾಳಿ ಬದಲಾವಣೆಗೆ ವೂಲರ್ ಊರಿಗೆ, ನಂತರ ಆನಿಕ್‌ಗೆ ಕರೆದೊಯ್ದರು. ಡ್ಯೂಕರ ಪತ್ನಿ ತಮ್ಮ ವೈದ್ಯರನ್ನೇ ಕಳಿಸಿದರು. ಆ ಕಾಲದಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಕೊನೆಗೆ ಹುಟ್ಟಿದೂರು ಬ್ಯಾಂಬರೊಗೆ ತಂದರು. 1842ರ ಅಕ್ಟೋಬರ್ 20ರಂದು, 26 ವರ್ಷದ ಗ್ರೇಸ್ ಅಪ್ಪನ ತೋಳಲ್ಲಿ ಕೊನೆಯುಸಿರೆಳೆದಳು. ಆ ಬೆಳಗಿನ ಚಳಿಯೇ ಅವಳನ್ನು ಕೊಂದಿತು ಎಂದು ಕೆಲವರು ಹೇಳುವುದುಂಟು. ನಡುವೆ ನಾಲ್ಕು ವರ್ಷಗಳಿವೆ. ಹಾಗೆ ಹೇಳಲು ಆಧಾರವಿಲ್ಲ.

ಬ್ಯಾಂಬರೊದ ಸೇಂಟ್ ಏಡನ್ ಚರ್ಚಿನ ಅಂಗಳದಲ್ಲಿ ಅವಳ ಸಮಾಧಿಯಿದೆ. ಹಾದುಹೋಗುವ ಹಡಗುಗಳಿಗೆ ಕಾಣುವಂತೆ ಅಲ್ಲಿಯೇ ಸ್ಮಾರಕವೊಂದನ್ನೂ ಕಟ್ಟಿದ್ದಾರೆ. ಅದರೊಳಗೆ ಕೈಯಲ್ಲಿ ಹುಟ್ಟು ಹಿಡಿದು ಮಲಗಿದ ಅವಳ ಕಲ್ಲಿನ ಪ್ರತಿಮೆ. ಘಟನೆಯ ನೂರನೆಯ ವರ್ಷ, 1938ರಲ್ಲಿ, ಚರ್ಚಿನ ಎದುರು ಅವಳ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಆ ಕೋಬಲ್ ದೋಣಿ ಈಗ ಅಲ್ಲಿದೆ. ಮಗಳು ಹೋದ ಮೇಲೂ ವಿಲಿಯಂ 1860ರವರೆಗೆ ಲಾಂಗ್‌ಸ್ಟೋನ್ ದೀಪ ಕಾಯ್ದರು. 1990ರಲ್ಲಿ ದೀಪ ಸ್ವಯಂಚಾಲಿತವಾಯಿತು. ಈಗ ಗೋಪುರದಲ್ಲಿ ಕಾವಲುಗಾರರಿಲ್ಲ.

ತರಗತಿಯಲ್ಲಿ

ಈ ಜೀವನವನ್ನು ಪಾಠವಾಗಿಸುವ ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಸೂಚನೆಗಳು.

ಒಂದು, ಕಥೆಗೆ ಮೊದಲು ನಕ್ಷೆ. ಸಮುದ್ರವನ್ನೇ ಕಾಣದ ಮಕ್ಕಳು ನಮ್ಮ ತರಗತಿಗಳಲ್ಲಿ ಬಹಳ. ಕಪ್ಪುಹಲಗೆಯ ಮೇಲೆ ದಡ, ಇನ್ನರ್ ಫಾರ್ನ್, ಹಾರ್ಕರ್, ಲಾಂಗ್‌ಸ್ಟೋನ್ ಗುರುತಿಸಿ, ಗಾಳಿಯ ದಿಕ್ಕಿಗೆ ಬಾಣ ಹಾಕಿ. ನೇರ ದಾರಿಯನ್ನೂ ಸುತ್ತು ದಾರಿಯನ್ನೂ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಯಾವುದನ್ನು ಆರಿಸುತ್ತೀರಿ, ಏಕೆ ಎಂದು ಮಕ್ಕಳನ್ನೇ ಕೇಳಿ. ಉತ್ತರವನ್ನು ಆಮೇಲೆ ಹೇಳಿ.

ಎರಡು, ಹೊತ್ತಿನ ಪಟ್ಟಿ. 4.45, 7, 9 ಗಂಟೆಗಳಲ್ಲಿ ಏನು ನಡೆಯಿತು ಎಂದು ಬರೆಸಿ. ನಡುವಿನ ಎರಡು ಗಂಟೆಯ ಕಾಯುವಿಕೆ ಧೈರ್ಯದ ಭಾಗವೇ ಅಲ್ಲವೇ ಎಂಬುದು ಚರ್ಚೆಗೆ ಒಳ್ಳೆಯ ಪ್ರಶ್ನೆ. ನೀರಿಗೆ ಹಾರುವುದೇ ಸಾಹಸ ಎಂದು ತಿಳಿದ ಮಕ್ಕಳು ಕೆರೆ ಹೊಳೆಗಳಲ್ಲಿ ಗೆಳೆಯರನ್ನು ಉಳಿಸಲು ಹೋಗಿ ತಾವೂ ಮುಳುಗುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಗ್ರೇಸಳ ಕಥೆಯನ್ನು ತಪ್ಪಾಗಿ ಹೇಳಿದರೆ ಅದೂ ಅಂಥ ಪಾಠವನ್ನೇ ಕಲಿಸುತ್ತದೆ. ಸರಿಯಾಗಿ ಹೇಳಿದರೆ ನೋಡು, ಅಳೆ, ಜೊತೆಗಾರರನ್ನು ಸೇರಿಸಿಕೋ, ಆಮೇಲೆ ಹೊರಡು ಎಂಬುದನ್ನು ಕಲಿಸುತ್ತದೆ.

ಮೂರು, ಸಾರಾ ಡಾಸನ್ನಳ ಮಕ್ಕಳ ಸಾವನ್ನು ಕಣ್ಣೀರು ತರಿಸಲು ಬಳಸಬೇಡಿ. ಒಂದು ವಾಕ್ಯದಲ್ಲಿ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ, ಮುಂದೆ ಹೋಗಿ. ಮನೆಯಲ್ಲಿ ಸಾವು ಕಂಡ ಮಗು ತರಗತಿಯಲ್ಲಿ ಇದ್ದೀತು.

ನಾಲ್ಕು, ಅಪ್ಪ, ಅಮ್ಮ, ತಮ್ಮ, ಇಬ್ಬರು ನಾವಿಕರು, ಏಳು ಜನರ ದೋಣಿ ಇವರಲ್ಲಿ ಯಾರನ್ನೂ ಬಿಡಬೇಡಿ. ಅವರನ್ನು ಸೇರಿಸಿದರೆ ಗ್ರೇಸ್ ಚಿಕ್ಕವಳಾಗುವುದಿಲ್ಲ. ಅಲೆಗಳ ನಡುವೆ ಒಬ್ಬಳೇ ದೋಣಿ ಹಿಡಿದು ನಿಂತ ನಿಮಿಷಗಳು ಹೇಗೂ ಅವಳವೇ.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಮರುಪಾಠ ಮಾಡಿದರು. ಪೀಠಿಕೆಯಲ್ಲೇ ಆ ಹುಡುಗಿಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಹಿಂದಿನ ಪಾಠದಲ್ಲಿ ತಾನು ತಪ್ಪು ಹೇಳಿದ್ದಾಗಿ ಮಕ್ಕಳಿಗೆ ತಿಳಿಸಿದರು. ನಂತರ ಮೇಜನ್ನು ಬಂಡೆ ಮಾಡಿ, ಎರಡು ಬೆಂಚನ್ನು ದೋಣಿ ಮಾಡಿ, ಒಂಬತ್ತು ಮಕ್ಕಳನ್ನು ಎರಡು ಸುತ್ತಿನಲ್ಲಿ ದಾಟಿಸಿದರು. ಪ್ರತಿ ಸುತ್ತಿಗೂ ಮಕ್ಕಳು ಎಣಿಸಿದರು. ಎರಡು ಸಲವೂ ಏಳು ಬಂತು. ಪ್ರಶ್ನೆ ಕೇಳಿದ್ದ ಹುಡುಗಿಗೆ ಅಂದು ಸಿಕ್ಕಿದ್ದು ಗ್ರೇಸಳ ಪಾತ್ರ. ಎಲ್ಲರೂ ದಾಟಿದ ಮೇಲೂ ಅವಳು ಬೆಂಚಿನಿಂದ ಇಳಿಯದೆ, ರಾತ್ರಿ ದೀಪ ಹಚ್ಚುವವರು ಯಾರು ಎಂದು ಕೇಳಿದಳು. ಈ ಸಲ ಪ್ರಶಿಕ್ಷಣಾರ್ಥಿಯ ಬಳಿ ಉತ್ತರವಿತ್ತು.